ಐರ್ಲೆಂಡಿನ ಹುಲ್ಲು, ಔರಾದಿನ ಬೆಣ್ಣೆ

ಬೀದರಿಗೆ ಹೈದರಾಬಾದು ಹತ್ತಿರ. ಅಲ್ಲಿ ಓದುವ, ದುಡಿಯುವ ಮಕ್ಕಳು ರಜೆಗೆ ಊರಿಗೆ ಬರುವಾಗ ಅಲ್ಲಿನ ದೊಡ್ಡ ಅಂಗಡಿಗಳ ಸಾಮಾನೂ ಅವರ ಚೀಲದಲ್ಲಿ ಬರುತ್ತದೆ. ಹಾಗೆ ಬರತೊಡಗಿರುವ ವಸ್ತುಗಳಲ್ಲಿ ಈಗ ಬೆಣ್ಣೆಯೂ ಸೇರಿದೆ. ಹುಲ್ಲು ಮೇಯ್ದ ಹಸುವಿನ ಹಾಲಿನದು ಎಂದು ಹೊದಿಕೆಯ ಮೇಲೆ ಅಚ್ಚು ಹಾಕಿಸಿಕೊಂಡು ಐರ್ಲೆಂಡಿನಿಂದ ಬರುವ ಆ ಬೆಣ್ಣೆಗೆ ಇಲ್ಲಿನ ಬೆಣ್ಣೆಯ ಹಲವು ಪಟ್ಟು ಬೆಲೆ. ಅಷ್ಟು ಹಣ ಕೊಟ್ಟು ಅದನ್ನು ತರಿಸುವುದು ಸರಿಯೇ ಎಂದು ಪರಿಚಿತರು ಹಲವರು ಕೇಳಿದ್ದಾರೆ. ಎರಡೂ ಬಗೆಯ ಬೆಣ್ಣೆಯನ್ನು ಮನೆಯಲ್ಲಿ ಬಳಸಿ ನೋಡಿರುವ ನಾನು ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಆ ಬೆಣ್ಣೆ ನಿಜಕ್ಕೂ ಒಳ್ಳೆಯದು. ಆದರೆ ಅದರಲ್ಲಿ ಯಾವ ಗುಣಕ್ಕಾಗಿ ನಾವು ಹೆಚ್ಚಿನ ಹಣ ಕೊಡುತ್ತೇವೆಯೋ ಆ ಗುಣ ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿಯೇ ವರ್ಷದ ನಾಲ್ಕೈದು ತಿಂಗಳು ದೊರೆಯುತ್ತದೆ. ಅದನ್ನು ಅದರ ಕಾಲದಲ್ಲಿ, ಅದಕ್ಕೆ ತಕ್ಕ ಬೆಲೆ ಕೊಟ್ಟು ಕೊಳ್ಳುವವರು ಕಡಿಮೆಯಾಗುತ್ತಿದ್ದಾರೆ ಎಂಬುದು ನನ್ನ ಚಿಂತೆ.

ಐರ್ಲೆಂಡಿನ ಬೆಣ್ಣೆಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಅಟ್ಲಾಂಟಿಕ್ ಸಾಗರದ ತೇವಗಾಳಿಯಿಂದಾಗಿ ವರ್ಷದ ಎಲ್ಲ ತಿಂಗಳಲ್ಲೂ ಮಳೆ ಕಾಣುವ ಆ ದೇಶದಲ್ಲಿ ಕೃಷಿಭೂಮಿಯ ಬಹುಪಾಲು ಹುಲ್ಲುಗಾವಲೇ ಆಗಿದೆ. ರೈ ಹುಲ್ಲು ಮತ್ತು ಬಿಳಿ ಕ್ಲೋವರ್ ಚಿಗುರುವ ಹೊತ್ತಿಗೆ ಸರಿಯಾಗಿ ಹಸುಗಳು ಈಯುವಂತೆ ಅಲ್ಲಿನ ರೈತರು ವ್ಯವಸ್ಥೆ ಮಾಡಿಕೊಂಡಿರುವುದರಿಂದ, ಹಾಲಿನ ಪ್ರಮಾಣ ಮೇ ತಿಂಗಳ ಸುಮಾರಿಗೆ ಏರಿ ಚಳಿಗಾಲದಲ್ಲಿ ತೀರ ಇಳಿಯುತ್ತದೆ. ಚಳಿಗಾಲದಲ್ಲಿ ಹಸುಗಳು ಕೊಟ್ಟಿಗೆಯಲ್ಲಿಯೇ ಇದ್ದು, ಬೇಸಿಗೆಯಲ್ಲಿ ಕೊಯ್ದು ಗಾಳಿಯಾಡದಂತೆ ಮುಚ್ಚಿಟ್ಟ ರಸಮೇವನ್ನು ತಿನ್ನುತ್ತವೆ. ಜೊತೆಗೆ ಒಂದಿಷ್ಟು ಧಾನ್ಯದ ಮೇವೂ ಸಲ್ಲುತ್ತದೆ. ಆದ್ದರಿಂದ ಅಲ್ಲಿಯೂ ಹುಲ್ಲೆಂದರೆ ಹನ್ನೆರಡು ತಿಂಗಳು ಬಯಲಿನಲ್ಲಿ ಮೇಯುವುದಲ್ಲ. ಕೆರಿಗೋಲ್ಡ್ ಎಂಬ ಹೆಸರಿನಲ್ಲಿ ಈ ಬೆಣ್ಣೆಯ ಮಾರಾಟ 1962ರಲ್ಲಿ ಆರಂಭವಾಯಿತು. ಅದಕ್ಕೂ ಮುನ್ನ 1961ರಲ್ಲಿ ಸ್ಥಾಪನೆಯಾದ ಡೇರಿ ಮಂಡಳಿಯು ಆ ದೇಶದ ಡೇರಿಗಳ ಬೆಣ್ಣೆಯನ್ನು ಒಂದೇ ಹೆಸರಿನಡಿ ಹೊರದೇಶಗಳಿಗೆ ಮಾರುವ ದಾರಿ ಮಾಡಿತು. ಇಂದು ಆ ಸಂಸ್ಥೆ ಅಲ್ಲಿನ ಹಾಲು ಸಹಕಾರಿಗಳ ಒಡೆತನದಲ್ಲಿದೆ. ತಮ್ಮ ನೆಲದ ಹುಲ್ಲನ್ನೇ ತಮ್ಮ ಹೆಸರನ್ನಾಗಿ ಮಾಡಿಕೊಂಡ ರೈತರ ಕೆಲಸ ಅದು. ಅದನ್ನು ನಾನು ಗೌರವದಿಂದಲೇ ನೋಡುತ್ತೇನೆ.

ಹುಲ್ಲಿನಿಂದ ಬೆಣ್ಣೆಗೆ ಬರುವುದೇನು? ಮೊದಲನೆಯದು ಬಣ್ಣ. ಹಸಿ ಹುಲ್ಲಿನಲ್ಲಿರುವ ಬೀಟಾ ಕ್ಯಾರೊಟಿನ್ ಹಸುವಿನ ಹಾಲಿನ ಕೊಬ್ಬಿನೊಳಗೆ ಸೇರಿ ಬೆಣ್ಣೆಯನ್ನು ಹಳದಿಯಾಗಿಸುತ್ತದೆ. ಎರಡನೆಯದು ಮೃದುತ್ವ. ಹಸಿ ಮೇವಿನಿಂದ ಹಾಲಿನ ಕೊಬ್ಬಿನಲ್ಲಿ ಅಪರ್ಯಾಪ್ತ ಕೊಬ್ಬಿನಾಮ್ಲಗಳ ಪಾಲು ಹೆಚ್ಚುತ್ತದೆ, ಅವು ಕಡಿಮೆ ಉಷ್ಣತೆಯಲ್ಲಿಯೇ ಕರಗುತ್ತವೆ. ಐರ್ಲೆಂಡಿನ ಬೆಣ್ಣೆಯನ್ನು ಫ್ರಿಜ್ಜಿನಿಂದ ತೆಗೆದು ಸ್ವಲ್ಪ ಹೊತ್ತು ಇಟ್ಟರೆ ಸಾಕು, ಚಾಕು ಒತ್ತದೆಯೇ ಇಳಿಯುತ್ತದೆ. ಬ್ರೆಡ್ಡಿನ ಮೇಲೆ ಹರಿಯದಂತೆ, ಮುದ್ದೆಯಾಗದಂತೆ ತೆಳ್ಳಗೆ ಹರಡಿಕೊಳ್ಳುತ್ತದೆ. ಇದಕ್ಕೆ ವಿರುದ್ಧವಾದ ಉದಾಹರಣೆ ನಮ್ಮ ಕಡೆಯೇ ಇದೆ. ಹತ್ತಿಕಾಳನ್ನು ಹೆಚ್ಚಾಗಿ ತಿಂದ ದನದ ಬೆಣ್ಣೆ ಗಟ್ಟಿಯಾಗಿರುತ್ತದೆ, ಅದರ ತುಪ್ಪವೂ ಬೇಗ ಹೆಪ್ಪುಗಟ್ಟುತ್ತದೆ. ಹತ್ತಿ ಬೆಳೆಯುವ ಸೀಮೆಯ ತುಪ್ಪದ ಲಕ್ಷಣಗಳೇ ಬೇರೆ ಎಂಬುದನ್ನು ನಮ್ಮ ದೇಶದ ತುಪ್ಪದ ಗುಣಮಟ್ಟದ ನಿಯಮಗಳು ಸಹ ಬಹುಕಾಲದಿಂದ ಒಪ್ಪಿಕೊಂಡಿವೆ. ಮೇವು ಬದಲಾದರೆ ಬೆಣ್ಣೆ ಬದಲಾಗುತ್ತದೆ ಎಂಬುದು ಮಾರಾಟಗಾರರು ಕಟ್ಟಿದ ಮಾತಲ್ಲ.

ಆದರೆ ಬಣ್ಣವೊಂದನ್ನೇ ನಂಬಿ ಬೆಣ್ಣೆಯನ್ನು ಅಳೆಯುವುದು ಸರಿಯಲ್ಲ, ಏಕೆಂದರೆ ಹಳದಿ ಬಣ್ಣ ಹಲವು ದಾರಿಗಳಿಂದ ಬರುತ್ತದೆ. ನಮ್ಮ ಅಂಗಡಿಗಳಲ್ಲಿ ಸಿಗುವ ಉಪ್ಪು ಬೆರೆಸಿದ ಬೆಣ್ಣೆಯ ಪೊಟ್ಟಣಗಳ ಮೇಲಿನ ಸಣ್ಣ ಅಕ್ಷರಗಳನ್ನು ಓದಿದರೆ ಹಲವುದರಲ್ಲಿ ಅನ್ನಾಟೊ ಎಂಬ ಹೆಸರು ಕಾಣುತ್ತದೆ. ಅದು ಒಂದು ಗಿಡದ ಬೀಜದಿಂದ ತೆಗೆದ ಬಣ್ಣ. ಅದನ್ನು ಸೇರಿಸಲು ಕಾನೂನಿನ ಅನುಮತಿಯಿದೆ, ಅದರಿಂದ ಕೇಡೂ ಇಲ್ಲ. ಆದರೆ ಆ ಹಳದಿಗೂ ಹುಲ್ಲಿಗೂ ಸಂಬಂಧವಿಲ್ಲ. ಇನ್ನು ಎಮ್ಮೆಯದು ಬೇರೆಯೇ ಮಾತು. ಎಮ್ಮೆಯ ದೇಹ ಕ್ಯಾರೊಟಿನ್ನನ್ನು ಎ ಜೀವಸತ್ವವಾಗಿ ಮಾರ್ಪಡಿಸಿಕೊಂಡು ಹಾಲಿಗೆ ಕಳಿಸುವುದರಿಂದ, ಅದು ಇಡೀ ದಿನ ಹಸಿ ಹುಲ್ಲನ್ನೇ ಮೇಯ್ದರೂ ಬೆಣ್ಣೆ ಬೆಳ್ಳಗೇ ಇರುತ್ತದೆ. ಬೀದರಿನ ಸಂತೆಯಲ್ಲಿ ಸಿಗುವ ಬಿಳಿ ಬೆಣ್ಣೆಯನ್ನು ಸತ್ವವಿಲ್ಲದ್ದೆಂದು ಬದಿಗೆ ಸರಿಸುವವರು ಈ ಸಂಗತಿಯನ್ನು ಗಮನಿಸಬೇಕು. ತಳಿಯೂ ಲೆಕ್ಕಕ್ಕೆ ಬರುತ್ತದೆ: ಅದೇ ಮೇವು ತಿಂದರೂ ಜರ್ಸಿ ಹಸುವಿನ ಬೆಣ್ಣೆ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಹಸುವಿನ ಬೆಣ್ಣೆಗಿಂತ ಹೆಚ್ಚು ಹಳದಿಯಾಗಿರುತ್ತದೆ.

ಈಗ ನಮ್ಮ ಸೀಮೆಯ ಮೇವಿನ ವಿಚಾರಕ್ಕೆ ಬರೋಣ. ಇಲ್ಲಿ ಹಸಿರು ಋತುವಿನದು. ಮುಂಗಾರು ಬಿದ್ದು ಬದುಗಳಲ್ಲಿ ಹುಲ್ಲು ಏಳುವುದು ಆಷಾಢದ ಹೊತ್ತಿಗೆ. ಶ್ರಾವಣದಿಂದ ಕಾರ್ತಿಕದವರೆಗೆ ಬದು, ಹಳ್ಳದ ದಂಡೆ, ಬೀಳು ಭೂಮಿ, ಮಾಂಜ್ರಾ ತೀರದ ತಗ್ಗುಗಳು ಎಲ್ಲವೂ ದನಗಳಿಗೆ ಹೊಟ್ಟೆ ತುಂಬಿಸುತ್ತವೆ. ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋದಾಗ ಹಿಂಗಾರಿಯ ಬಿಳಿಜೋಳ ಹಸಿರಾಗಿರುತ್ತದೆ, ಆದರೆ ಬದುವಿನ ಹುಲ್ಲು ಆಗಲೇ ಒಣಗತೊಡಗಿರುತ್ತದೆ. ಮುಂದಿನ ಐದಾರು ತಿಂಗಳು ದನಗಳು ಬದುಕುವುದು ಜೋಳದ ಕಣಿಕೆ ಅಂದರೆ ಒಣ ದಂಟು, ತೊಗರಿಯ ಹೊಟ್ಟು, ಸೋಯಾದ ಹೊಟ್ಟು, ಕಬ್ಬು ಕಡಿಯುವ ಕಾಲದಲ್ಲಿ ಅದರ ತುದಿಯ ಹಸಿರೆಲೆ, ಹಾಲು ಕೊಡುವ ದನಕ್ಕಾದರೆ ಅದರ ಮೇಲೆ ಹಿಂಡಿ, ಹತ್ತಿಕಾಳು ಅಥವಾ ಚೀಲದ ಪಶು ಆಹಾರ. ಕಣಿಕೆಯೂ ಹುಲ್ಲಿನ ಜಾತಿಯದೇ. ಆ ಲೆಕ್ಕದಲ್ಲಿ ನಮ್ಮ ಹಳ್ಳಿಯ ದನ ವರ್ಷಪೂರ್ತಿ ಹುಲ್ಲು ತಿನ್ನುವ ದನವೇ. ಆದರೆ ಬಿಸಿಲಿನಲ್ಲಿ ಒಣಗಿದ ಮೇವಿನಲ್ಲಿ ಕ್ಯಾರೊಟಿನ್ ಬಹುಪಾಲು ನಾಶವಾಗಿರುತ್ತದೆ. ಹಸಿ ಹುಲ್ಲಿನ ಕೊಬ್ಬಿನಾಮ್ಲಗಳೂ ಅದರಲ್ಲಿ ಉಳಿದಿರುವುದಿಲ್ಲ. ಆದ್ದರಿಂದ ದೇಸಿ ದನದ್ದು ಎಂಬ ಒಂದೇ ಕಾರಣಕ್ಕೆ ಏಪ್ರಿಲ್ ತಿಂಗಳ ಬೆಣ್ಣೆಯನ್ನು ಐರ್ಲೆಂಡಿನ ಬೆಣ್ಣೆಗೆ ಸಮ ಎನ್ನುವುದು ಪ್ರಾಮಾಣಿಕವಾದ ಮಾತಾಗುವುದಿಲ್ಲ.

ಇದನ್ನು ನನಗೆ ಪುಸ್ತಕಕ್ಕಿಂತ ಸ್ಪಷ್ಟವಾಗಿ ತಿಳಿಸಿದವರು ನಮ್ಮ ಜಿಲ್ಲೆಯ ಔರಾದ ತಾಲ್ಲೂಕಿನ ಹಳ್ಳಿಯೊಂದರಿಂದ ಬೆಣ್ಣೆ ತರುವ ಹಿರಿಯರು. ನಾವು ಅವರನ್ನು ಆಯಿ ಎಂದೇ ಕರೆಯುತ್ತೇವೆ. ಸ್ಟೀಲಿನ ಡಬ್ಬಿಯಲ್ಲಿ ತಣ್ಣೀರು ತುಂಬಿ, ಅದರಲ್ಲಿ ಬೆಣ್ಣೆಯ ಉಂಡೆಗಳನ್ನು ಮುಳುಗಿಸಿ, ಮೇಲೆ ಮುತ್ತಲದ ಎಲೆ ಮುಚ್ಚಿ ತರುತ್ತಾರೆ. ಬೇಸಿಗೆಯಲ್ಲಿ ಬೆಣ್ಣೆ ಏಕಿಷ್ಟು ಬಿಳಿಚಿಕೊಂಡಿದೆ ಎಂದು ಕೇಳಿದಾಗ ಅವರು, "ಯವ್ವಾ, ಈಗ ದನಕ್ಕ ಕಣಿಕಿ ಬಿಟ್ರ ಏನದ? ಮಳಿ ಬಿದ್ದು ಬದುವಿನ ಹುಲ್ಲು ಬರ್ಲಿ, ಆಗ ನೋಡು ಬೆಣ್ಣಿ ಬಣ್ಣ" ಎಂದರು. ಭಾದ್ರಪದದಲ್ಲಿ ಅವರು ತಂದ ಬೆಣ್ಣೆ ಬಾಳೆಹಣ್ಣಿನ ತಿರುಳಿನಂತೆ ತಿಳಿಹಳದಿಯಾಗಿತ್ತು. ಬೆರಳಿನಿಂದ ಒತ್ತಿದರೆ ಒಳಗಿನಿಂದ ಮಜ್ಜಿಗೆಯ ಹನಿ ಸಣ್ಣಗೆ ಒಸರುತ್ತಿತ್ತು, ಬಾಯಿಗೆ ಹಾಕಿಕೊಂಡರೆ ಮೊದಲು ಸಣ್ಣ ಹುಳಿ, ಆಮೇಲೆ ಹಾಲಿನ ಸಿಹಿ. ಬಿಸಿ ಜೋಳದ ರೊಟ್ಟಿಯ ಮೇಲೆ ಅದು ಕರಗುವಾಗ ಬರುವ ಪರಿಮಳ ಪೊಟ್ಟಣದ ಯಾವ ಬೆಣ್ಣೆಗೂ ಇಲ್ಲವೆಂದು ನಾನು ಧೈರ್ಯವಾಗಿ ಹೇಳಬಲ್ಲೆ.

ಆ ಪರಿಮಳಕ್ಕೆ ಮೇವಿನಷ್ಟೇ ವಿಧಾನವೂ ಕಾರಣ. ಡೇರಿಗಳಲ್ಲಿ ಹಾಲಿನಿಂದ ಕೆನೆಯನ್ನು ಯಂತ್ರದಿಂದ ಬೇರ್ಪಡಿಸಿ, ಪಾಶ್ಚರೀಕರಿಸಿ, ಆ ಕೆನೆಯನ್ನೇ ಕಡೆಯುತ್ತಾರೆ. ನಮ್ಮ ಮನೆಗಳಲ್ಲಿ ಹಾಲನ್ನು ಕಾಯಿಸಿ, ಹೆಪ್ಪು ಹಾಕಿ, ಮೊಸರನ್ನು ಕಡೆದು ಬೆಣ್ಣೆ ತೆಗೆಯುತ್ತಾರೆ. ಹೆಪ್ಪಿನ ಸೂಕ್ಷ್ಮಜೀವಿಗಳು ರಾತ್ರಿಯಿಡೀ ಮಾಡಿದ ಕೆಲಸದ ರುಚಿ ಬೆಣ್ಣೆಯಲ್ಲಿ ಉಳಿಯುತ್ತದೆ. ಯುರೋಪಿನಲ್ಲಿ ಕೆನೆಗೆ ಹೆಪ್ಪು ಹಾಕಿ ತೆಗೆದ ಬೆಣ್ಣೆಗೆ ವಿಶೇಷ ಮರ್ಯಾದೆಯಿದೆ. ಕೆರಿಗೋಲ್ಡಿನ ಉಪ್ಪಿಲ್ಲದ ಬೆಣ್ಣೆಯೂ ಅಂಥದೇ. ನಮ್ಮಲ್ಲಿ ಅದು ಕಡಗೋಲು ಹಿಡಿದ ಪ್ರತಿ ಮನೆಯ ಪದ್ಧತಿಯಾಗಿತ್ತು. ಕಡೆಯುವುದನ್ನು ಬೆಳಗಿನ ತಂಪಿನಲ್ಲಿಯೇ ಮುಗಿಸುವುದಕ್ಕೂ, ಬೇಸಿಗೆಯಲ್ಲಿ ಗಡಿಗೆಯ ತಣ್ಣೀರು ಬೆರೆಸುವುದಕ್ಕೂ ಕಾರಣವಿದೆ. ಕೊಬ್ಬು ಪೂರ್ತಿ ಕರಗಿದ ಸ್ಥಿತಿಯಲ್ಲಿದ್ದರೆ ಬೆಣ್ಣೆಯ ಕಾಳುಗಳು ಕೂಡಿಕೊಳ್ಳುವುದೇ ಇಲ್ಲ.

ಆರೋಗ್ಯದ ಹೆಸರಿನಲ್ಲಿ ಆಮದು ಬೆಣ್ಣೆ ಕೊಳ್ಳುವವರಿಗೆ ಒಂದು ಮಾತು ಹೇಳಲೇಬೇಕು. ಹುಲ್ಲು ಮೇಯ್ದ ಹಸುವಿನ ಬೆಣ್ಣೆಯಲ್ಲಿ ಒಮೇಗಾ-3 ಕೊಬ್ಬಿನಾಮ್ಲ ಹೆಚ್ಚಿರುತ್ತದೆ ಎಂಬುದು ನಿಜ, ಆದರೆ ಆ ಹೆಚ್ಚಳವೂ ಬಲು ಚಿಕ್ಕದು. ಹತ್ತು ಗ್ರಾಂ ಬೆಣ್ಣೆಯಿಂದ ಅದು ದೊರೆಯುವುದು ಹೆಚ್ಚೆಂದರೆ 0.1 ಗ್ರಾಂ. ಐದು ಗ್ರಾಂ ಅಗಸೆಯಲ್ಲಿ ಸಸ್ಯಮೂಲದ ಅದೇ ಒಮೇಗಾ-3 ಸುಮಾರು 1 ಗ್ರಾಂ ಇರುತ್ತದೆ. ಬೀದರ್, ಕಲಬುರಗಿ, ಯಾದಗಿರಿಯ ಮನೆಗಳಲ್ಲಿ ರೊಟ್ಟಿಯ ಪಕ್ಕಕ್ಕೆ ಅಗಸಿ ಹಿಂಡಿ (ಅಗಸೆಯ ಚಟ್ನಿಪುಡಿ) ಹಾಕಿಕೊಳ್ಳುವವರಿಗೆ ಬೆಣ್ಣೆಯಿಂದ ಒಮೇಗಾ-3 ಪಡೆಯುವ ಅಗತ್ಯವೇ ಇಲ್ಲ. ಬೆಣ್ಣೆ ಎಲ್ಲಿಯದಾದರೂ ಅದರ ಅರ್ಧದಷ್ಟು ಪರ್ಯಾಪ್ತ ಕೊಬ್ಬು. ದಿನಕ್ಕೆ 2000 ಕ್ಯಾಲೊರಿ ಉಣ್ಣುವವರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ಪರ್ಯಾಪ್ತ ಕೊಬ್ಬಿನ ಮಿತಿ ಸುಮಾರು 22 ಗ್ರಾಂ. ಒಂದು ದೊಡ್ಡ ಚಮಚ ಬೆಣ್ಣೆಯಲ್ಲಿಯೇ ಅದರ ಮೂರನೆಯ ಒಂದು ಭಾಗ ಬಂದುಬಿಡುತ್ತದೆ. ಬೆಣ್ಣೆಯನ್ನು ರುಚಿಗಾಗಿ ತಿನ್ನಬೇಕು, ಅಳತೆಯಲ್ಲಿ ತಿನ್ನಬೇಕು. ಔಷಧವೆಂದು ಭಾವಿಸಿ ದುಬಾರಿ ಬೆಣ್ಣೆಯನ್ನು ಹೆಚ್ಚು ತಿನ್ನುವುದರಲ್ಲಿ ಲಾಭವಿಲ್ಲ.

ಬೆಲೆಯ ಮಾತಿಗೆ ಬಂದರೆ, ಆಮದು ಬೆಣ್ಣೆಯ ಬೆಲೆ ಏಕೆ ಹೆಚ್ಚು ಎಂಬುದು ಸುಲಭವಾಗಿ ಅರ್ಥವಾಗುತ್ತದೆ. ಹೊರದೇಶದ ಬೆಣ್ಣೆಯ ಮೇಲೆ ಶೇ 40ರಷ್ಟು ಆಮದು ಸುಂಕವಿದೆ. ಜೊತೆಗೆ, ಹಾಲು ಕೊಟ್ಟ ಪಶುಗಳಿಗೆ ಮೆಲುಕು ಹಾಕುವ ಪ್ರಾಣಿಗಳ ಅಂಗಾಂಗ, ರಕ್ತ ಅಥವಾ ಮಾಂಸದಿಂದ ಮಾಡಿದ ಆಹಾರವನ್ನು ತಿನ್ನಿಸಿಲ್ಲವೆಂಬ ಪ್ರಮಾಣಪತ್ರವನ್ನೂ ಭಾರತ ಕೇಳುತ್ತದೆ. ಇದು ನ್ಯಾಯವಾದ ನಿಯಮವೆಂದೇ ನನ್ನ ಭಾವನೆ. ಇದರ ಮೇಲೆ ಹಡಗಿನ ಶೀತಲ ಸಾಗಣೆ, ಮಧ್ಯವರ್ತಿಗಳ ಲಾಭ, ತೆರಿಗೆ. 2025ರ ಸೆಪ್ಟೆಂಬರ್ 22ರಿಂದ ಬೆಣ್ಣೆಯ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದ್ದರೂ ಆಮದು ಬೆಣ್ಣೆಯ ಬೆಲೆಯ ದೊಡ್ಡ ಭಾಗ ಹುಲ್ಲಿಗೆ ಸೇರಿದ್ದಲ್ಲ, ದಾರಿಗೆ ಸೇರಿದ್ದು.

ನಿಜವಾಗಿ ವಿವರವಾಗಿ ನೋಡಬೇಕಾದದ್ದು ಊರಿನ ಬೆಣ್ಣೆಯ ಬೆಲೆಯನ್ನು. ಬೆಣ್ಣೆಯಲ್ಲಿ ಕನಿಷ್ಠ ಶೇ 80ರಷ್ಟು ಹಾಲಿನ ಕೊಬ್ಬು ಇರಬೇಕೆಂಬುದು ನಮ್ಮ ಆಹಾರ ಸುರಕ್ಷತೆಯ ನಿಯಮ. ಶೇ 4ರಷ್ಟು ಕೊಬ್ಬಿರುವ ಹಸುವಿನ ಹಾಲಿನಿಂದ ಅಂಥ ಬೆಣ್ಣೆ ಒಂದು ಕಿಲೋ ಬರಬೇಕಾದರೆ ಇಪ್ಪತ್ತು ಲೀಟರ್ ಹಾಲು ಬೇಕು. ಮಜ್ಜಿಗೆಯಲ್ಲಿ ಒಂದಿಷ್ಟು ಕೊಬ್ಬು ಉಳಿಯುವುದರಿಂದ ಮನೆಯಲ್ಲಿ ಕಡೆಯುವವರಿಗೆ ಅದಕ್ಕಿಂತಲೂ ಹೆಚ್ಚು ಹಿಡಿಯುತ್ತದೆ. ಶೇ 7ರಷ್ಟು ಕೊಬ್ಬಿರುವ ಎಮ್ಮೆಯ ಹಾಲಾದರೆ ಹನ್ನೆರಡು ಲೀಟರಿನ ಆಸುಪಾಸು. ಲೀಟರಿಗೆ ಬರೀ ಮೂವತ್ತೈದು ರೂಪಾಯಿಯಂತೆ ಹಿಡಿದರೂ ಒಂದು ಕಿಲೋ ಹಸುವಿನ ಬೆಣ್ಣೆಗೆ ಹಾಲಿನ ಲೆಕ್ಕವೇ ಏಳುನೂರು ರೂಪಾಯಿ ದಾಟುತ್ತದೆ. ಕಾಯಿಸುವ ಉರುವಲು, ಕಡೆಯುವ ಕೈ, ಬಸ್ಸಿನ ಖರ್ಚು ಬೇರೆ. ಹೀಗಿರುವಾಗ ಹಸುವಿನ ಶುದ್ಧ ಬೆಣ್ಣೆ ಎಂದು ಹೇಳಿ ಅದರ ಅರ್ಧ ಬೆಲೆಗೆ ಕೊಡುವವರು ಏನನ್ನೋ ಬೆರೆಸಿರಬೇಕು ಅಥವಾ ತಮ್ಮ ಹೊಟ್ಟೆಯ ಮೇಲೆ ಹೊಡೆದುಕೊಂಡು ಕೊಡುತ್ತಿರಬೇಕು. ಹೈದರಾಬಾದಿನ ಅಂಗಡಿಯಲ್ಲಿ ಮರುಮಾತಿಲ್ಲದೆ ಹಣ ಎಣಿಸುವವರು ಆಯಿಯಂಥವರ ಎದುರು ಪಾವು ಕಿಲೋ ಬೆಣ್ಣೆಗೆ ಇಪ್ಪತ್ತು ರೂಪಾಯಿ ಚೌಕಾಸಿ ಮಾಡುವುದನ್ನು ಕಂಡಾಗ ನನಗೆ ನೋವಾಗುತ್ತದೆ.

ಈ ಬೆಲೆಯ ಪ್ರಶ್ನೆಗೂ ನಮ್ಮ ಸೀಮೆಯ ದೇವಣಿ ಎಂಬ ದನದ ತಳಿಯ ಅಳಿವು ಉಳಿವಿಗೂ ನೇರ ಸಂಬಂಧವಿದೆ. ಲಾತೂರು ಜಿಲ್ಲೆಯ ದೇವಣಿಯ ಹೆಸರು ಹೊತ್ತ ಈ ತಳಿ ಗಡಿಯ ಈಚೆ ನಮ್ಮ ಜಿಲ್ಲೆಯಲ್ಲಿಯೂ ಬೆಳೆದುಬಂದದ್ದು. ಪೂರ್ತಿ ಬಿಳಿ ಮೈಯ ಬಾಲಂಕ್ಯಾ, ಮುಖ ಮಾತ್ರ ಕಪ್ಪಾಗಿರುವ ವಾನೇರಾ, ಬಿಳಿ ಮೈಮೇಲೆ ಕಪ್ಪು ಮಚ್ಚೆಗಳ ಶೇವೇರಾ ಎಂದು ಇದರಲ್ಲಿ ಮೂರು ಬಗೆ. ಉಳುಮೆಗೂ ಹಾಲಿಗೂ ಆಗುವ ತಳಿಯಾದ್ದರಿಂದ ಹಾಲು ದಿನಕ್ಕೆ ಸರಾಸರಿ ಮೂರು ನಾಲ್ಕು ಲೀಟರ್ ಬಂದರೆ ಹೆಚ್ಚು, ಅದರಲ್ಲಿ ಕರುವಿನ ಪಾಲೂ ಇದೆ. ಆದರೆ ಕಣಿಕೆ, ಹೊಟ್ಟು, ಬದುವಿನ ಹುಲ್ಲಿನ ಮೇಲೆಯೇ ಅದು ಬಾಳುತ್ತದೆ, ನಮ್ಮ ಬಿಸಿಲನ್ನೂ ತಾಳುತ್ತದೆ. ಹೊಲಕ್ಕೆ ಟ್ರ್ಯಾಕ್ಟರ್ ಬಂದು ಎತ್ತಿನ ಅಗತ್ಯ ತಗ್ಗಿತು. ಜೋಳದ ಜಾಗಕ್ಕೆ ಸೋಯಾ ಬಂದು ಕಣಿಕೆ ಕಡಿಮೆಯಾಯಿತು. ಇನ್ನು ಹಾಲನ್ನು ಲೀಟರಿನ ಲೆಕ್ಕದಲ್ಲಿ ಮಾರಿದರೆ ಮಿಶ್ರತಳಿಯ ಹಸುವಿನ ಮುಂದೆ ದೇವಣಿ ನಿಲ್ಲುವುದಿಲ್ಲ. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದಂಥ ಸಂಸ್ಥೆಗಳು ತಳಿಯ ರಕ್ಷಣೆಗೆ ಎಷ್ಟೇ ದುಡಿದರೂ, ಅದರ ಬೆಣ್ಣೆಗೆ, ತುಪ್ಪಕ್ಕೆ ಬೇರೆಯ ಬೆಲೆ ಸಿಗದೆ ರೈತ ಅದನ್ನು ಕಟ್ಟಿಕೊಂಡಿರಲಾರ.

ಊರಿನ ಬೆಣ್ಣೆಯಲ್ಲಿ ಎಚ್ಚರ ವಹಿಸಬೇಕಾದ ಸಂಗತಿಗಳೂ ಇವೆ. ಹಾಲನ್ನು ಕಾಯಿಸಿಯೇ ಹೆಪ್ಪು ಹಾಕಿದ್ದಾರೆಯೇ ಎಂದು ಕೇಳಿ ತಿಳಿದುಕೊಳ್ಳುವುದು ಮೊದಲ ಕೆಲಸ, ಏಕೆಂದರೆ ಕಾಯಿಸದ ಹಾಲಿನಿಂದ ಬ್ರುಸೆಲ್ಲೋಸಿಸ್‌ನಂಥ ರೋಗಗಳು ದನದಿಂದ ಮನುಷ್ಯರಿಗೆ ಹರಡುತ್ತವೆ. ಮನೆಯ ಬೆಣ್ಣೆಯಲ್ಲಿ ನೀರು, ಮಜ್ಜಿಗೆಯ ಅಂಶ ಹೆಚ್ಚಿರುವುದರಿಂದ ಅದು ಬೇಗ ಹುಳಿಯುತ್ತದೆ. ತಂದ ದಿನವೇ ತಣ್ಣೀರಿನಲ್ಲಿ ತೊಳೆದು ಫ್ರಿಜ್ಜಿನಲ್ಲಿಟ್ಟು, ಎರಡು ಮೂರು ದಿನಗಳಲ್ಲಿ ತಿನ್ನುವಷ್ಟನ್ನು ಉಳಿಸಿಕೊಂಡು ಮಿಕ್ಕದ್ದನ್ನು ಕಾಯಿಸಿ ತುಪ್ಪ ಮಾಡುವುದು ಮೇಲು. ಬೇಯಿಸಿದ ಆಲೂಗಡ್ಡೆಯನ್ನು ಅರೆದು ಬೆರೆಸಿದ್ದಾರೆಂಬ ಅನುಮಾನವಿದ್ದರೆ ಚೂರು ಬೆಣ್ಣೆಗೆ ಔಷಧ ಅಂಗಡಿಯ ಟಿಂಕ್ಚರ್ ಅಯೋಡಿನ್ ಎರಡು ಹನಿ ಹಾಕಿದರೆ ನೀಲಿ ಬಣ್ಣ ಬಂದು ಗೊತ್ತಾಗುತ್ತದೆ. ಪರೀಕ್ಷಿಸಿದ ಬೆಣ್ಣೆಯನ್ನು ಚೆಲ್ಲಬೇಕು. ಡಾಲ್ಡಾ ಬೆರೆಸಿದ್ದನ್ನು ಪತ್ತೆ ಮಾಡಲು ತೀಕ್ಷ್ಣ ಆಮ್ಲ ಬೇಕಾಗುವುದರಿಂದ ಅದನ್ನು ಪ್ರಯೋಗಾಲಯಕ್ಕೆ ಬಿಡಬೇಕು.

ಈ ವಿಷಯದಲ್ಲಿ ಪೊಟ್ಟಣದ ಬೆಣ್ಣೆ ನಿಶ್ಚಿಂತೆಯದು, ಆಮದು ಬೆಣ್ಣೆಯೂ ಹಾಗೆಯೇ. ಆದರೆ ದೂರದಿಂದ ಬರುವ ಬೆಣ್ಣೆಗೆ ನಮ್ಮ ಬೇಸಿಗೆಯೇ ವೈರಿ. ಬೆಣ್ಣೆ 32ರಿಂದ 35 ಡಿಗ್ರಿಯ ನಡುವೆ ಕರಗುತ್ತದೆ. ಏಪ್ರಿಲ್, ಮೇ ತಿಂಗಳಿನಲ್ಲಿ ಬೀದರಿನ ಮಧ್ಯಾಹ್ನ ಅದನ್ನು ಎಷ್ಟೋ ಮೀರಿರುತ್ತದೆ. ಒಮ್ಮೆ ಕರಗಿ ಮತ್ತೆ ಗಟ್ಟಿಯಾದ ಬೆಣ್ಣೆಯಲ್ಲಿ ನೀರು ಮತ್ತು ಕೊಬ್ಬು ಬೇರೆಯಾಗಿ ಅದು ಮರಳುಮರಳಾಗುತ್ತದೆ. ಪೊಟ್ಟಣದ ಮೂಲೆಗಳು ಸೊಟ್ಟಗಾಗಿದ್ದರೆ, ಹೊದಿಕೆಗೆ ಜಿಡ್ಡು ಹತ್ತಿದ್ದರೆ ಕೊಳ್ಳಬಾರದು. ಇನ್ನು ಆ ಬೆಣ್ಣೆಯನ್ನು ಕಾಯಿಸಿ ತುಪ್ಪ ಮಾಡುವುದು, ಒಗ್ಗರಣೆಗೆ, ದೋಸೆಗೆ ಸುರಿಯುವುದು ನನ್ನ ದೃಷ್ಟಿಯಲ್ಲಿ ಹಣದ ಪೋಲು. ಅದು ತಣ್ಣಗೆ, ಹಾಗೆಯೇ ತಿನ್ನಲು ಮಾಡಿದ್ದು. ಬೀದರಿನ ಮೆಥೋಡಿಸ್ಟ್ ಕುಟುಂಬಗಳಲ್ಲಿ ಕ್ರಿಸ್‌ಮಸ್ಸಿಗೆ ಕೇಕು, ಬಿಸ್ಕತ್ತು ಮಾಡುವ ಗೆಳತಿಯರು ಹೇಳುವಂತೆ, ಬೆಣ್ಣೆಯೇ ಪ್ರಧಾನವಾದ ಬಿಸ್ಕತ್ತಿನಲ್ಲಿ ಅದರ ರುಚಿ ಎದ್ದು ಕಾಣುತ್ತದೆ. ಹಣ್ಣು, ಮಸಾಲೆ ತುಂಬಿದ ಕೇಕಿಗೆ ನಂದಿನಿಯ ಉಪ್ಪಿಲ್ಲದ ಬೆಣ್ಣೆ ಸಾಕು. ನಾನೂ ಬೇಸಿಗೆಯ ತಿಂಗಳುಗಳಲ್ಲಿ ಅದನ್ನೇ ತರುತ್ತೇನೆ. ಅದರಲ್ಲಿ ಬಣ್ಣವಿಲ್ಲ, ಉಪ್ಪಿಲ್ಲ. ಒಂದು ಕಿಲೋ ಕಾಯಿಸಿದರೆ ಸುಮಾರು ಎಂಟುನೂರು ಗ್ರಾಂ ತುಪ್ಪ ಬರುತ್ತದೆ.

ನಮ್ಮಲ್ಲಿ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಿಗೆ ಸೇರಿದ ಹಾಲು ಒಕ್ಕೂಟವಿದೆ, ಹಳ್ಳಿಗಳಲ್ಲಿ ಸಂಘಗಳಿವೆ. ಹಾಲಿನ ಕೊಬ್ಬನ್ನು ಅಳೆದು ಹಣ ಕೊಡುವ ಪದ್ಧತಿ ಹೊಸದೇನಲ್ಲ, ಸಂಘಗಳಿಗೆ ಅದು ನಿತ್ಯದ ಕೆಲಸ. ಕೊರತೆಯಿರುವುದು ಬೇರೆಡೆ: ಹಸು, ಎಮ್ಮೆ, ದೇವಣಿ, ಮಿಶ್ರತಳಿ ಎಂಬ ಭೇದವಿಲ್ಲದೆ ಹಾಲೆಲ್ಲವೂ ಒಂದೇ ಕಡೆ ಕೂಡಿಬಿಟ್ಟರೆ ಆಷಾಢದ ಹುಲ್ಲಿನ ಗುಣವೂ ಅದರಲ್ಲಿ ಕಳೆದುಹೋಗುತ್ತದೆ. ಔರಾದ, ಕಮಲನಗರ, ಭಾಲ್ಕಿ ತಾಲ್ಲೂಕುಗಳ ದೇವಣಿ ಹೆಚ್ಚಿರುವ ಕೆಲವೇ ಹಳ್ಳಿಗಳಲ್ಲಿ ಶ್ರಾವಣದಿಂದ ಮಾರ್ಗಶಿರದವರೆಗೆ ಆ ಹಾಲನ್ನು ಬೇರೆ ಕ್ಯಾನಿನಲ್ಲಿ ಸಂಗ್ರಹಿಸಿ, ಹೆಪ್ಪು ಹಾಕಿ ತೆಗೆದ ಬೆಣ್ಣೆಯನ್ನು ತಿಂಗಳಿನ ಹೆಸರು, ತಳಿಯ ಹೆಸರು ನಮೂದಿಸಿ ಮಾರಲು ಆರಂಭಿಸಬಹುದು. ಅದರ ಬೆಲೆ ಈಗಿನ ಪೊಟ್ಟಣದ ಬೆಣ್ಣೆಯ ಎರಡು ಪಟ್ಟಾದರೂ ಐರ್ಲೆಂಡಿನ ಬೆಣ್ಣೆಗಿಂತ ಎಷ್ಟೋ ಕಡಿಮೆಯಿರುತ್ತದೆ, ಆ ಹಣದ ಬಹುಪಾಲು ದನ ಕಟ್ಟಿದವರ ಮನೆಗೆ ಸೇರುತ್ತದೆ. ಅಂಥ ಬೆಣ್ಣೆ ಬಂದರೆ ಬೀದರಿನಲ್ಲಿ ಮಾತ್ರವಲ್ಲ, ಹೈದರಾಬಾದಿನಲ್ಲಿಯೂ ಕೊಳ್ಳುವವರು ಇದ್ದಾರೆ. ಅಲ್ಲಿಯವರೆಗೆ ಮಳೆಗಾಲದ ನಾಲ್ಕು ತಿಂಗಳು ನಮ್ಮ ಮನೆಯ ಬೆಣ್ಣೆ ಆಯಿಯದೇ. ಅವರು ಹೇಳಿದ ಬೆಲೆಯನ್ನು ಕೊಡುತ್ತೇವೆ. ಅವರ ಊರಿನ ಇನ್ನೂ ಎರಡು ಮನೆಗಳಲ್ಲಿ ದೇವಣಿ ಹಸುಗಳಿವೆಯಂತೆ. ಕೊಳ್ಳುವವರು ಸಿಕ್ಕರೆ ಅವರೂ ಬೆಣ್ಣೆ ಕಳಿಸಲು ಸಿದ್ಧರಿದ್ದಾರೆ.